ಕಲಹಾರಿಯ ಬಂಡಿದಾರಿ ಮತ್ತು ದೇವರ ಕಾಪು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ದಕ್ಷಿಣ ಆಫ್ರಿಕದ ಒಳನಾಡಿಗೆ ಹೊರಡುತ್ತಿದ್ದ ಕ್ರೈಸ್ತ ಮಿಷನರಿ ಕುಟುಂಬಗಳಿಗೆ ಕೇಪ್ ಪ್ರಾಂತದ ಕಮಾನು ಬಂಡಿಯೇ ವಾಹನವಾಗಿತ್ತು, ತಿಂಗಳುಗಟ್ಟಲೆ ಅದೇ ಮನೆಯೂ ಆಗಿತ್ತು. ಉದ್ದನೆಯ ಚರ್ಮದ ಮಿಣಿಗೆ ಸಾಲಾಗಿ ನೊಗಗಳನ್ನು ಬಿಗಿದು, ಹನ್ನೆರಡೋ ಹದಿನಾಲ್ಕೋ ಎತ್ತುಗಳನ್ನು ಜೋಡಿ ಜೋಡಿಯಾಗಿ ಹೂಡಿ, ಮುಂದಿನ ಜೋಡಿಯನ್ನು ಒಬ್ಬ ಹುಡುಗ ಹಿಡಿದು ನಡೆಸುತ್ತಿದ್ದರೆ, ಉದ್ದ ಚಾಟಿಯ ಚಾಲಕ ಉಳಿದವನ್ನು ಹೊಡೆಯುತ್ತಿದ್ದ. ಇಂತಹ ಪ್ರಯಾಣಗಳ ಕುರಿತು ಮಿಷನರಿಗಳು ಬರೆದ ಕಾಗದಗಳಲ್ಲಿ ದೈವಸಂಕಲ್ಪದ ಮಾತು, ಅಂದರೆ ದಾರಿಯ ಪ್ರತಿಯೊಂದು ಆಗುಹೋಗನ್ನೂ ದೇವರೇ ನಡೆಸುತ್ತಾನೆ, ಕಾಯುತ್ತಾನೆ ಎಂಬ ನಂಬಿಕೆ, ಮತ್ತೆ ಮತ್ತೆ ಬರುತ್ತದೆ. ಆ ನಂಬಿಕೆ ಪ್ರಾಮಾಣಿಕವಾದದ್ದೇ. ಆದರೆ ಅದರ ಬೆಲೆಯನ್ನು ತೆತ್ತವರು ಬಹುಮಟ್ಟಿಗೆ ಬಂಡಿಯೊಳಗಿದ್ದ ಹೆಂಗಸರು ಮತ್ತು ಮಕ್ಕಳು.

ಡೇವಿಡ್ ಲಿವಿಂಗ್‌ಸ್ಟನ್‌ನ ಕುಟುಂಬವೇ ಇದಕ್ಕೆ ಮೊದಲ ಸಾಕ್ಷಿ. 1810ರಲ್ಲಿ ಬಳ್ಳಾರಿಗೆ ಜಾನ್ ಹ್ಯಾಂಡ್ಸ್‌ನನ್ನು ಕಳಿಸಿ, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ತೊಡಗಿಸಿದ್ದ ಲಂಡನ್ ಮಿಷನರಿ ಸೊಸೈಟಿಯೇ ಲಿವಿಂಗ್‌ಸ್ಟನ್‌ನನ್ನೂ ಆಫ್ರಿಕಕ್ಕೆ ಕಳಿಸಿತ್ತು. ಕುರುಮಾನ್ ಠಾಣ್ಯದ ಹಿರಿಯ ಮಿಷನರಿ ರಾಬರ್ಟ್ ಮೊಫಾಟ್‌ನ ಮಗಳು ಮೇರಿಯನ್ನು ಅವನು 1845ರಲ್ಲಿ ಮದುವೆಯಾದ. ಆಫ್ರಿಕದಲ್ಲೇ ಹುಟ್ಟಿ ಬೆಳೆದ ಆಕೆಗೆ ಬಂಡಿಯ ಬದುಕು ಹೊಸದಾಗಿರಲಿಲ್ಲ. 1850ರಲ್ಲಿ, ಗರ್ಭಿಣಿಯಾಗಿದ್ದ ಮೇರಿಯನ್ನೂ ಮೂವರು ಮಕ್ಕಳನ್ನೂ ಕೂರಿಸಿಕೊಂಡು, ಅವನು ತನ್ನ ಮಿಷನ್ ಠಾಣ್ಯವಾದ ಕೊಲೊಬೆಂಗ್‌ನಿಂದ ಕಲಹಾರಿ ಮರುಭೂಮಿಯ ಆಚೆಗಿನ ಎನ್‌ಗಾಮಿ ಸರೋವರಕ್ಕೆ ಹೊರಟ. ಸರೋವರ ಸಿಕ್ಕಿತಾದರೂ ಮಕ್ಕಳಿಗೆ ಜ್ವರ ಹಿಡಿದು ಹಿಂದಿರುಗಬೇಕಾಯಿತು. ಆಗಸ್ಟ್‌ನಲ್ಲಿ ಹುಟ್ಟಿದ ಹೆಣ್ಣುಕೂಸು ಸುಮಾರು ಆರು ವಾರಗಳಲ್ಲಿ ತೀರಿಕೊಂಡಿತು, ಬಾಣಂತಿಯ ಮುಖದ ಒಂದು ಪಕ್ಕ ಲಕ್ವ ಹೊಡೆಯಿತು.

ಇಷ್ಟಾದ ಮೇಲೂ 1851ರಲ್ಲಿ ಅವನು ಮತ್ತೆ ಹೊರಟ. ಮೇರಿ ಮತ್ತೆ ಗರ್ಭಿಣಿಯಾಗಿದ್ದಳು. ಒಂದು ಕೂಸನ್ನು ಕಳೆದುಕೊಂಡದ್ದು ಸಾಲದೆ ಎಂದು ಮೇರಿಯ ತಾಯಿ ಬರೆದ ಕಟುವಾದ ಕಾಗದಕ್ಕೂ ಅವನು ಮಣಿಯಲಿಲ್ಲ. ತನ್ನ ಕೆಲಸ ದೇವರ ಕೆಲಸ, ಆದುದರಿಂದ ಕುಟುಂಬದ ರಕ್ಷಣೆಯೂ ದೇವರದೇ ಎಂಬುದು ಅವನ ನಿಲುವು. ದಾರಿಯಲ್ಲಿ ಶೋಬೊ ಎಂಬ ಮಾರ್ಗದರ್ಶಿ ದಿಕ್ಕು ತಪ್ಪಿ ಕಣ್ಮರೆಯಾದ, ಬಂಡಿಯಲ್ಲಿ ತುಂಬಿಟ್ಟಿದ್ದ ನೀರನ್ನು ಆಳೊಬ್ಬ ಪೋಲುಮಾಡಿದ, ಉಳಿದ ಒಂದಿಷ್ಟನ್ನು ಮಕ್ಕಳಿಗೆಂದು ಕಾದಿಡಬೇಕಾಯಿತು. ನೀರು ಹುಡುಕಲು ಹೋದವರು ಐದನೆಯ ದಿನದ ಮಧ್ಯಾಹ್ನ ನೀರು ಹೊತ್ತು ಬರುವವರೆಗೆ ಮೇರಿ ಗಂಡನನ್ನು ಒಂದು ಮಾತೂ ದೂರಲಿಲ್ಲವೆಂದೂ, ಆಕೆಯ ಕಣ್ಣೀರೇ ಎಲ್ಲವನ್ನೂ ಹೇಳುತ್ತಿತ್ತೆಂದೂ ಅವನೇ ತನ್ನ 1857ರ ಪ್ರವಾಸಗ್ರಂಥದಲ್ಲಿ ಬರೆದಿದ್ದಾನೆ. 1851ರ ಸೆಪ್ಟೆಂಬರ್‌ನಲ್ಲಿ, ಮರಳುವ ದಾರಿಯಲ್ಲಿ, ಜೂಗಾ ನದಿಯ ದಂಡೆಯ ಮೇಲೆ ಐದನೆಯ ಮಗು ಹುಟ್ಟಿತು.

ದೇವರ ಕಾಪು ಎಂದು ಕರೆದದ್ದರ ಹಿಂದೆ ಮನುಷ್ಯರ ಕೈಗಳು ಎಷ್ಟಿದ್ದವೆಂಬುದನ್ನು ಈ ಗ್ರಂಥವೇ, ಬಹುಶಃ ಉದ್ದೇಶವಿಲ್ಲದೆ, ತೋರಿಸಿಕೊಡುತ್ತದೆ. ಬೇಟೆಗಾರ ಗೆಳೆಯ ವಿಲಿಯಂ ಆಸ್ವೆಲ್ ಮುಂಚಿತವಾಗಿ ಹೋಗಿ ಬಾವಿಗಳನ್ನು ತೋಡಿಸುತ್ತಿದ್ದ. ಮರುಭೂಮಿಯ ನಿವಾಸಿಗಳಾದ ಬಕಲಹಾರಿ ಹೆಂಗಸರ ನೀರಿನ ವಿದ್ಯೆಯಂತೂ ಬೆರಗು ಹುಟ್ಟಿಸುವಂಥದು: ಅವರು ಮರಳಿನಲ್ಲಿ ತೋಳುದ್ದದ ಗುಳಿ ತೋಡಿ, ತುದಿಗೆ ಹುಲ್ಲಿನ ಕುಚ್ಚು ಕಟ್ಟಿದ ಟೊಳ್ಳು ಕೊಳವೆಯನ್ನು ಅದರಲ್ಲಿಳಿಸಿ, ಸುತ್ತ ಹಸಿ ಮರಳನ್ನು ಗಟ್ಟಿಯಾಗಿ ತುಂಬಿ, ಒರತೆಯ ನೀರನ್ನು ಬಾಯಿಯಿಂದ ಹೀರಿ, ಒಂದು ಹುಲ್ಲುಕಡ್ಡಿಯ ಗುಂಟ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪಿಗೆ ಹರಿಸುತ್ತಿದ್ದರು. ಇಂಥವರ ಹೆಸರುಗಳು ಗ್ರಂಥಗಳಲ್ಲಿಲ್ಲ.

ಕಾಣದ ಅಪಾಯ ನೀರಡಿಕೆಗಿಂತ ದೊಡ್ಡದಾಗಿತ್ತು. ತ್ಸೆತ್ಸೆ ನೊಣದ ಕಡಿತಕ್ಕೆ 1851ರಲ್ಲಿ 43 ಎತ್ತುಗಳು ಸತ್ತವು, ಮತ್ತು ನೊಣವೇ ಕಾರಣವೆಂಬುದು ಲಿವಿಂಗ್‌ಸ್ಟನ್‌ಗೆ ಗೊತ್ತಿತ್ತು. ಮಕ್ಕಳ ಮೈತುಂಬ ಸೊಳ್ಳೆ ಕಚ್ಚಿದ ಗುರುತುಗಳನ್ನೂ ಅವನು ದಾಖಲಿಸಿದ. ಆದರೆ ಮಲೇರಿಯವೆಂಬ ಚಳಿಜ್ವರಕ್ಕೆ ಜೌಗುನೆಲದ ಕೆಟ್ಟ ಗಾಳಿಯೇ ಕಾರಣವೆಂದು ಎಲ್ಲರೂ ನಂಬಿದ್ದ ಕಾಲವದು. ಸೊಳ್ಳೆಯ ಹೊಟ್ಟೆಯಲ್ಲಿ ಆ ರೋಗದ ಜೀವಾಣುವನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ.

ಲಿವಿಂಗ್‌ಸ್ಟನ್‌ನ ಬರಹ ಮತ್ತು ಭಾಷಣಗಳಿಂದ ಉತ್ಸಾಹಗೊಂಡ ಸೊಸೈಟಿಯು ಚೋಬೆ ನದಿಯ ಬಳಿಯ ಮಕೊಲೊಲೊ ಜನರ ರಾಜಧಾನಿಯಾದ ಲಿನ್ಯಾಂಟಿಗೆ ಎರಡು ಕುಟುಂಬಗಳನ್ನು ಕಳಿಸಿತು. ಹಾಲೊವೇ ಹೆಲ್ಮೋರ್, ಅವನ ಹೆಂಡತಿ, ನಾಲ್ವರು ಮಕ್ಕಳು, ಜೊತೆಗೆ ರೋಜರ್ ಪ್ರೈಸ್ ಮತ್ತು ಅವನ ಹೆಂಡತಿ 1859ರ ಜುಲೈನಲ್ಲಿ ಕುರುಮಾನ್ ಬಿಟ್ಟು, ಬರಗಾಲದ ಮರುಭೂಮಿಯಲ್ಲಿ ನೀರಿಗಾಗಿ ಪರದಾಡುತ್ತ, 1860ರ ಫೆಬ್ರವರಿಯಲ್ಲಿ ಅಲ್ಲಿಗೆ ತಲುಪಿದರು. ಕೆಲವೇ ವಾರಗಳಲ್ಲಿ ಹೆಲ್ಮೋರ್ ದಂಪತಿ, ಅವರ ಇಬ್ಬರು ಮಕ್ಕಳು ಮತ್ತು ಪ್ರೈಸ್ ದಂಪತಿಯ ಹಸುಗೂಸು ಜ್ವರಕ್ಕೆ ಬಲಿಯಾದರು. ಹಿಂದಿರುಗುವ ದಾರಿಯಲ್ಲಿ ಪ್ರೈಸ್‌ನ ಹೆಂಡತಿಯೂ ಸತ್ತಳು. ಸಂಗಡ ಬಂದಿದ್ದ ಆಫ್ರಿಕನ್ನರಲ್ಲೂ ಕೆಲವರು ತೀರಿಕೊಂಡರು. ಮಕೊಲೊಲೊ ಜನ ವಿಷವಿಕ್ಕಿದರೆಂಬ ಶಂಕೆ ಬಹುಕಾಲ ಉಳಿಯಿತಾದರೂ, ರೋಗದ ಲಕ್ಷಣಗಳು ಹೊಂದುವುದು ಮಲೇರಿಯಕ್ಕೆ. ಬದುಕಿ ಬಂದರೆ ಕೃಪೆ, ಸತ್ತರೆ ಅರಿಯಲಾಗದ ಸಂಕಲ್ಪ ಎಂಬ ತರ್ಕದಲ್ಲಿ ಯಾತ್ರೆಯನ್ನು ಯೋಜಿಸಿದವರ ಹೊಣೆಗೆ ಎಡೆಯೇ ಉಳಿಯುವುದಿಲ್ಲ.

ಅದೇ ವರ್ಷ ಲಿನ್ಯಾಂಟಿಗೆ ಮರಳಿದ ಲಿವಿಂಗ್‌ಸ್ಟನ್, ತಾನು 1853ರಲ್ಲಿ ಬಿಟ್ಟುಹೋಗಿದ್ದ ಬಂಡಿಯೂ ಔಷಧದ ಪೆಟ್ಟಿಗೆಯೂ ಸುರಕ್ಷಿತವಾಗಿದ್ದುದನ್ನು ಕಂಡು, ಜ್ವರದ ಮದ್ದು ಸಾಯುತ್ತಿದ್ದವರ ಹತ್ತಿರವೇ ಇತ್ತೆಂದು ಬರೆದ. ಎರಡು ವರ್ಷಗಳ ಬಳಿಕ, 1862ರ ಏಪ್ರಿಲ್ 27ರಂದು, ಜಾಂಬೆಜಿ ನದಿಯ ದಂಡೆಯ ಶುಪಾಂಗದಲ್ಲಿ ಮೇರಿಯೂ ಜ್ವರದಿಂದಲೇ ಸತ್ತಳು. ಮಕೊಲೊಲೊ ಮಿಷನ್ನನ್ನು ಸೊಸೈಟಿ ಕೈಬಿಟ್ಟಿತು. 1864ರಲ್ಲಿ ಮಕೊಲೊಲೊ ಜನರ ಅಧೀನದಲ್ಲಿದ್ದ ಲೋಝಿ ಜನರು ದಂಗೆಯೆದ್ದು ಅವರ ಆಳ್ವಿಕೆಯನ್ನೇ ಕೊನೆಗಾಣಿಸಿದರು.