ಎಲ್‌ಎಸ್‌ಯು 2019: 15 ಪಂದ್ಯ, 15 ಗೆಲುವು, 726 ಅಂಕ, ಈ ಸಂಖ್ಯೆಗಳು ನಿಜಕ್ಕೂ ಹೇಳುವುದೇನು?

ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಾಟವಲ್ಲ. ಹೆಲ್ಮೆಟ್ ತೊಟ್ಟ ಹನ್ನೊಂದು ಮಂದಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿ ದಾಟಿಸುವ ಆಟ ಅದು. ಅಲ್ಲಿ ಕಾಲೇಜು ತಂಡಗಳ ಪಂದ್ಯಕ್ಕೂ ಲಕ್ಷ ಜನ ಸೇರುತ್ತಾರೆ. ಲೂಯಿಸಿಯಾನ ರಾಜ್ಯದ ಬ್ಯಾಟನ್ ರೂಜ್ ನಗರದಲ್ಲಿರುವ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿ, ಅಂದರೆ ಎಲ್‌ಎಸ್‌ಯುವಿನ ಟೈಗರ್ ಸ್ಟೇಡಿಯಂನಲ್ಲಿ 1.02 ಲಕ್ಷ ಆಸನಗಳಿವೆ.

ಈ ತಂಡ 2019ರಲ್ಲಿ ಆಡಿದ 15 ಪಂದ್ಯಗಳನ್ನೂ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಋತುಗಳ ಮಾತು ಬಂದಾಗಲೆಲ್ಲ ಈ ಹೆಸರು ಕೇಳಿಬರುತ್ತದೆ. ಆದರೆ ಅಂಕಿಅಂಶಗಳನ್ನು ಬಿಡಿಸಿ ನೋಡಿದರೆ ದಾಖಲೆಗಳ ಹಿಂದೆ ಬೇರೊಂದು ಕಥೆಯೂ ಇದೆ.

ಮೊದಲು ಲೆಕ್ಕ ಹೇಗೆ?

ಮೈದಾನದ ಉದ್ದ 100 ಗಜ. ಚೆಂಡು ಹಿಡಿದ ತಂಡಕ್ಕೆ 10 ಗಜ ಮುಂದೆ ಸಾಗಲು ನಾಲ್ಕು ಅವಕಾಶ. ಸಾಗಿದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ, ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಗಡಿ ದಾಟಿದರೆ ಟಚ್‌ಡೌನ್, 6 ಅಂಕ. ಆ ಬಳಿಕದ ಕಿಕ್‌ಗೆ ಇನ್ನೊಂದು ಅಂಕ. ಗಡಿ ದಾಟಲಾಗದೆ ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಆಟವನ್ನು ನಡೆಸುವವನು, ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್.

ಋತು ಒಂದು ನೋಟದಲ್ಲಿ

- ಪಂದ್ಯ 15, ಗೆಲುವು 15
- ಗಳಿಸಿದ ಅಂಕ 726, ಪಂದ್ಯಕ್ಕೆ ಸರಾಸರಿ 48.4
- ಬಿಟ್ಟುಕೊಟ್ಟ ಅಂಕ 328, ಪಂದ್ಯಕ್ಕೆ ಸುಮಾರು 21.9
- ಕ್ವಾರ್ಟರ್‌ಬ್ಯಾಕ್ ಜೋ ಬರೋ: 5,671 ಗಜ, 60 ಟಚ್‌ಡೌನ್ ಪಾಸ್
- ಜಾಮಾರ್ ಚೇಸ್: 1,780 ಗಜ, 20 ಟಚ್‌ಡೌನ್
- ಜಸ್ಟಿನ್ ಜೆಫರ್ಸನ್: 111 ಕ್ಯಾಚ್, 1,540 ಗಜ, 18 ಟಚ್‌ಡೌನ್
- ಕ್ಲೈಡ್ ಎಡ್ವರ್ಡ್ಸ್-ಹೆಲೇರ್: ಓಡಿ ಗಳಿಸಿದ್ದು 1,414 ಗಜ

ದಾಖಲೆ ದೊಡ್ಡದೋ, ಸರಾಸರಿಯೋ?

726 ಅಂಕ ಆಗ ಹೊಸ ದಾಖಲೆ. ಅದಕ್ಕೂ ಮೊದಲು 2013ರಲ್ಲಿ ಫ್ಲಾರಿಡಾ ಸ್ಟೇಟ್ 723 ಅಂಕ ಗಳಿಸಿತ್ತು. ಆದರೆ ಆ ತಂಡ ಆಡಿದ್ದು 14 ಪಂದ್ಯ, ಸರಾಸರಿ 51.6. ಎಲ್‌ಎಸ್‌ಯು ಒಂದು ಪಂದ್ಯ ಹೆಚ್ಚು ಆಡಿ ಮೂರೇ ಅಂಕ ಹೆಚ್ಚು ಗಳಿಸಿತು.

ಬರೋ ಅವರ 60 ಟಚ್‌ಡೌನ್ ಪಾಸ್‌ಗಳದ್ದೂ ಇದೇ ಲೆಕ್ಕ. 2006ರಲ್ಲಿ ಹವಾಯಿ ತಂಡದ ಕೋಲ್ಟ್ ಬ್ರೆನನ್ 14 ಪಂದ್ಯಗಳಲ್ಲಿ 58 ಪಾಸ್ ಎಸೆದಿದ್ದರು. ಸರಾಸರಿಯಲ್ಲಿ ಬ್ರೆನನ್ 4.14, ಬರೋ 4.00. ಎರಡೇ ವರ್ಷದಲ್ಲಿ, 2021ರಲ್ಲಿ, ವೆಸ್ಟರ್ನ್ ಕೆಂಟಕಿಯ ಬೈಲಿ ಝಾಪಿ 62 ಟಚ್‌ಡೌನ್ ಪಾಸ್ ಮತ್ತು 5,967 ಗಜ ಗಳಿಸಿ ಬರೋ ಅವರನ್ನು ಹಿಂದಿಕ್ಕಿದರು. ಆದರೆ ಝಾಪಿ ಅವರ ತಂಡ ಆ ವರ್ಷ ಐದು ಪಂದ್ಯ ಸೋತಿತ್ತು.

ಹಾಗಾದರೆ ಎಲ್‌ಎಸ್‌ಯು ಸಾಧನೆ ಸಣ್ಣದೇ? ಅಲ್ಲ. ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟರ್ ಎಷ್ಟು ರನ್ ಹೊಡೆದ ಎನ್ನುವುದರ ಜತೆಗೆ ಯಾರ ಬೌಲಿಂಗ್‌ಗೆ ಹೊಡೆದ ಎಂದು ನಾವು ಕೇಳುತ್ತೇವಲ್ಲ, ಇಲ್ಲಿಯೂ ಅದೇ ಪ್ರಶ್ನೆ ಕೇಳಬೇಕು.

ಎದುರಾಳಿ ಯಾರು?

ಎಲ್‌ಎಸ್‌ಯು ಸೋಲಿಸಿದ ತಂಡಗಳಲ್ಲಿ ಏಳು ತಂಡಗಳು ಪಂದ್ಯದ ಹೊತ್ತಿಗೆ ದೇಶದ ಅಗ್ರ ಹತ್ತರಲ್ಲಿದ್ದವು. ಟೆಕ್ಸಾಸ್ (45-38), ಫ್ಲಾರಿಡಾ (42-28), ಆಬರ್ನ್ (23-20), ಅಲಬಾಮಾ (46-41), ಜಾರ್ಜಿಯಾ (37-10), ಓಕ್ಲಹೋಮ (63-28) ಮತ್ತು ಫೈನಲ್‌ನಲ್ಲಿ ಕ್ಲೆಮ್ಸನ್ (42-25).

ಈ ಏಳು ಪಂದ್ಯಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿದರೆ ಎಲ್‌ಎಸ್‌ಯು ಸರಾಸರಿ 42.6 ಅಂಕ ಗಳಿಸಿ 27.1 ಬಿಟ್ಟುಕೊಟ್ಟಿದೆ. ಗೆಲುವಿನ ಅಂತರ ಸುಮಾರು 15 ಅಂಕ. ಉಳಿದ ಎಂಟು ಪಂದ್ಯಗಳಲ್ಲಿ ಗಳಿಸಿದ್ದು ಸರಾಸರಿ 53.5, ಬಿಟ್ಟುಕೊಟ್ಟಿದ್ದು 17.3, ಅಂತರ 36 ಅಂಕ. ಅಂದರೆ ಒಟ್ಟು ಸರಾಸರಿಯನ್ನು ಉಬ್ಬಿಸಿದ್ದು ಜಾರ್ಜಿಯಾ ಸದರ್ನ್, ನಾರ್ತ್‌ವೆಸ್ಟರ್ನ್ ಸ್ಟೇಟ್‌ನಂಥ ತಂಡಗಳ ವಿರುದ್ಧದ ಸುಲಭ ಗೆಲುವುಗಳು. ಆದರೆ ಬಲಿಷ್ಠರ ಎದುರು ಸಹ 42 ಅಂಕದ ಸರಾಸರಿ ಉಳಿಸಿಕೊಂಡಿದ್ದೇ ಈ ತಂಡದ ನಿಜವಾದ ಅಳತೆ.

15 ಅಂಕದಲ್ಲಿ ನಿಂತ ಅಜೇಯ ಋತು

ಸರಾಸರಿ ಅಂತರ 26 ಅಂಕಕ್ಕೂ ಹೆಚ್ಚು ಎಂದಾಗ ಎಲ್ಲ ಪಂದ್ಯವೂ ಏಕಪಕ್ಷೀಯ ಎನಿಸುತ್ತದೆ. ಹಾಗಿರಲಿಲ್ಲ. ಟೆಕ್ಸಾಸ್ ವಿರುದ್ಧ 7, ಅಲಬಾಮಾ ವಿರುದ್ಧ 5, ಆಬರ್ನ್ ವಿರುದ್ಧ 3. ಮೂರೂ ಪಂದ್ಯ ಸೇರಿ ಅಂತರ 15 ಅಂಕ ಮಾತ್ರ.

ಟೆಕ್ಸಾಸ್ ಪಂದ್ಯದಲ್ಲಿ ಕೊನೆಯ ಮೂರು ನಿಮಿಷದೊಳಗೆ, ಮೂರನೇ ಅವಕಾಶದಲ್ಲಿ 17 ಗಜ ಬೇಕಿದ್ದಾಗ, ಬರೋ ಎಸೆದ ಚೆಂಡನ್ನು ಹಿಡಿದ ಜೆಫರ್ಸನ್ 61 ಗಜ ಸಾಗಿ ಟಚ್‌ಡೌನ್ ಮಾಡಿದರು. ಋತುವಿನ ಅಂಕಪಟ್ಟಿಯಲ್ಲಿ ಅದು 60ರಲ್ಲಿ ಒಂದು. ಆ ಸಂಜೆಯ ಮಟ್ಟಿಗೆ ಪಂದ್ಯವನ್ನು ಕೈಯಲ್ಲಿ ಉಳಿಸಿದ್ದೇ ಅದು.

ಆಬರ್ನ್ ಪಂದ್ಯ ಇನ್ನೊಂದು ಪಾಠ. ಅಂದು ಎಲ್‌ಎಸ್‌ಯು 500 ಗಜಕ್ಕೂ ಹೆಚ್ಚು ಸಾಗಿತ್ತು. ಅಂಕ ಮಾತ್ರ 23. ಗಜಗಳು ಅಂಕವಾಗಿ ಬದಲಾಗದಿದ್ದರೆ ಪ್ರಯೋಜನವಿಲ್ಲ. ಅಲಬಾಮಾ ಪಂದ್ಯದಲ್ಲಿ ಇದು ತಿರುಗುಮುರುಗಾಯಿತು. ಆ ತಂಡದ ಟುವಾ ಟಾಗೊವೈಲೊವಾ 418 ಗಜ ಎಸೆದರೆ, ಬರೋ ಎಸೆದದ್ದು 393. ಆದರೆ ಟುವಾ ಮೊದಲಾರ್ಧದಲ್ಲಿ ಗಡಿಯ ಸಮೀಪ ಚೆಂಡು ಕೈಬಿಟ್ಟರು, ವಿರಾಮಕ್ಕೆ ಮುನ್ನ ಒಂದು ಪಾಸ್ ಎದುರಾಳಿಯ ಕೈಗಿತ್ತರು. ವಿರಾಮದ ವೇಳೆಗೆ ಎಲ್‌ಎಸ್‌ಯು 33-13ರಿಂದ ಮುಂದಿತ್ತು. ಅಂತಿಮ ಅಂತರ ಐದೇ ಅಂಕ.

ರಕ್ಷಣೆ ಬದಲಾದ ತಿರುವು

ಮಿಸಿಸಿಪಿ ವಿಶ್ವವಿದ್ಯಾಲಯದ ತಂಡವಾದ ಓಲ್ ಮಿಸ್ ವಿರುದ್ಧ ಎಲ್‌ಎಸ್‌ಯು 58-37ರಿಂದ ಗೆದ್ದಿತು. ಆದರೆ ಆ ಪಂದ್ಯದಲ್ಲಿ ಓಲ್ ಮಿಸ್ ಆಟಗಾರರು ಬರೀ ಓಡಿಯೇ 402 ಗಜ ಗಳಿಸಿದರು. ಚಾಂಪಿಯನ್ ಆಗಬೇಕಾದ ತಂಡಕ್ಕೆ ಇದು ಅಪಾಯದ ಗಂಟೆ.

ಆ ಪಂದ್ಯವೂ ಸೇರಿ ಮೊದಲ ಹತ್ತು ಪಂದ್ಯಗಳಲ್ಲಿ ಎಲ್‌ಎಸ್‌ಯು ಸರಾಸರಿ 23.8 ಅಂಕ ಬಿಟ್ಟುಕೊಟ್ಟಿತ್ತು. ನಂತರದ ಐದು ಪಂದ್ಯಗಳಲ್ಲಿ ಆ ಸಂಖ್ಯೆ 18ಕ್ಕೆ ಇಳಿಯಿತು. ಅದೂ ಜಾರ್ಜಿಯಾ, ಓಕ್ಲಹೋಮ, ಕ್ಲೆಮ್ಸನ್‌ನಂಥ ತಂಡಗಳ ಎದುರು. ಸತತ 29 ಪಂದ್ಯ ಗೆದ್ದು ಬಂದಿದ್ದ ಕ್ಲೆಮ್ಸನ್ ಫೈನಲ್‌ನಲ್ಲಿ ಒಂದು ಹಂತದಲ್ಲಿ 17-7ರಿಂದ ಮುಂದಿತ್ತು. ಅಲ್ಲಿಂದ ಮುಂದೆ ಅದಕ್ಕೆ ಸಿಕ್ಕಿದ್ದು 8 ಅಂಕ ಮಾತ್ರ. ಪ್ರಶಸ್ತಿ ತಂದುಕೊಟ್ಟದ್ದು ಆಕ್ರಮಣ ಎಂದು ಎಲ್ಲರೂ ಹೇಳುತ್ತಾರೆ. ಕೊನೆಯ ಐದು ಪಂದ್ಯಗಳ ಲೆಕ್ಕ ರಕ್ಷಣೆಗೂ ಪಾಲು ಕೊಡುತ್ತದೆ.

ಒಂದೇ ವರ್ಷದಲ್ಲಿ ಬದಲಾದ ಬದುಕು

2018ರಲ್ಲಿ ಇದೇ ಬರೋ ಎಸೆದ ಪಾಸ್‌ಗಳಲ್ಲಿ ಶೇ 57.8ರಷ್ಟು ಮಾತ್ರ ಗುರಿ ಮುಟ್ಟಿದ್ದವು. ಟಚ್‌ಡೌನ್ 16. ಮರುವರ್ಷ 527 ಎಸೆತಗಳಲ್ಲಿ 402 ಗುರಿ ಮುಟ್ಟಿದವು, ಶೇ 76.3. ಪ್ರತಿ ಎಸೆತಕ್ಕೆ ಗಳಿಕೆ 7.6 ಗಜದಿಂದ 10.8ಕ್ಕೆ ಏರಿತು. ಎದುರಾಳಿಯ ಕೈ ಸೇರಿದ ಪಾಸ್‌ಗಳು 2018ರಲ್ಲಿ 5, ಮರುವರ್ಷ 6. ಎಸೆತಗಳು 148 ಹೆಚ್ಚಾದರೂ ತಪ್ಪು ಒಂದೇ ಒಂದು ಹೆಚ್ಚಾಯಿತು.

ಕಾರಣ ಏನು? ವೃತ್ತಿಪರ ತಂಡ ನ್ಯೂ ಆರ್ಲಿಯನ್ಸ್ ಸೇಂಟ್ಸ್‌ನಿಂದ ಬಂದ ಜೋ ಬ್ರೇಡಿ ಪಾಸಿಂಗ್ ಆಟದ ಹೊಣೆ ಹೊತ್ತು, ಸ್ಟೀವ್ ಎನ್ಸ್‌ಮಿಂಗರ್ ಜತೆ ಸೇರಿ ಮೈದಾನವನ್ನು ಅಗಲವಾಗಿ ಬಳಸುವ ಆಟ ತಂದರು. ಇನ್ನೊಂದು ಕಾರಣ ಯಾವ ಅಂಕಪಟ್ಟಿಯಲ್ಲೂ ಎದ್ದು ಕಾಣುವುದಿಲ್ಲ. ಕ್ವಾರ್ಟರ್‌ಬ್ಯಾಕ್‌ಗೆ ಕಾವಲು ನಿಲ್ಲುವ ಐವರು ಲೈನ್‌ಮನ್‌ಗಳ ಹೆಸರಿನಲ್ಲಿ ಗಜವೂ ಇಲ್ಲ, ಟಚ್‌ಡೌನೂ ಇಲ್ಲ. ಆ ವರ್ಷ ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೂರ್ ಪ್ರಶಸ್ತಿ ಇವರಿಗೇ ಬಂತು.

ಆಗ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತು ಹಣ ಗಳಿಸುವಂತಿರಲಿಲ್ಲ. ಆ ಅನುಮತಿ ಸಿಕ್ಕಿದ್ದು 2021ರ ಜುಲೈನಲ್ಲಿ. ಹಾಗಾಗಿ 2019ರ ಆಟಗಾರನಿಗೆ ಋತುವಿನ ಅಂಕಿಅಂಶವೇ ಬಂಡವಾಳ. ಬರೋ ಭಾರಿ ಅಂತರದಲ್ಲಿ ಹೈಸ್ಮನ್ ಟ್ರೋಫಿ ಗೆದ್ದರು. 2020ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಸಿನ್ಸಿನಾಟಿ ಬೆಂಗಾಲ್ಸ್ ಸೇರಿದರು. ನಾಲ್ಕು ವರ್ಷಕ್ಕೆ ಒಪ್ಪಂದ ಸುಮಾರು 3.6 ಕೋಟಿ ಡಾಲರ್. ಹೈಸ್ಮನ್ ವೇದಿಕೆಯಲ್ಲಿ ಅವರು ತಮ್ಮ ಊರಾದ ಓಹಾಯೋದ ಆಥೆನ್ಸ್ ಪ್ರದೇಶದಲ್ಲಿ ಹಸಿದು ಮಲಗುವ ಮಕ್ಕಳ ಬಗ್ಗೆ ಮಾತನಾಡಿದರು. ಅದನ್ನು ಕೇಳಿದ ಜನ ಅಲ್ಲಿನ ಆಹಾರ ದಾಸೋಹ ಕೇಂದ್ರಕ್ಕೆ ಲಕ್ಷಾಂತರ ಡಾಲರ್ ದೇಣಿಗೆ ಕಳಿಸಿದರು.

ಮರುವರ್ಷ ಏನಾಯಿತು?

ಆ ಡ್ರಾಫ್ಟ್‌ನಲ್ಲಿ ಎಲ್‌ಎಸ್‌ಯುವಿನ 14 ಆಟಗಾರರು ಆಯ್ಕೆಯಾದರು, ಅವರಲ್ಲಿ ಐವರು ಮೊದಲ ಸುತ್ತಿನಲ್ಲೇ. ಬ್ರೇಡಿ ವೃತ್ತಿಪರ ತಂಡಕ್ಕೆ ಮರಳಿದರು. ರಕ್ಷಣಾ ವಿಭಾಗದ ಡೇವ್ ಅರಾಂಡ ಬೇಲರ್ ತಂಡದ ಮುಖ್ಯ ಕೋಚ್ ಆದರು. ಮುಖ್ಯ ಕೋಚ್ ಎಡ್ ಓರ್ಜೆರಾನ್ ಉಳಿದರು, ಸ್ಟೇಡಿಯಂ ಅದೇ, ಜೆರ್ಸಿ ಅದೇ. ಕೊರೊನಾ ನಡುವೆ ಆಡಿದ 2020ರ ಋತುವಿನಲ್ಲಿ ಫಲಿತಾಂಶ 5 ಗೆಲುವು, 5 ಸೋಲು.

ಐಪಿಎಲ್‌ನಲ್ಲಿ ನೆಟ್ ರನ್ ರೇಟ್ ನೋಡುವ ನಮಗೆ ಈ ಲೆಕ್ಕ ಹೊಸದಲ್ಲ. ಒಂದು ತಂಡದ ಋತುವನ್ನು ಅಳೆಯುವಾಗ ಒಟ್ಟು ಅಂಕದ ಜತೆ ಪಂದ್ಯಗಳ ಸಂಖ್ಯೆ, ಎದುರಾಳಿಯ ಬಲ, ಕೂದಲೆಳೆ ಅಂತರದ ಗೆಲುವುಗಳು ಮತ್ತು ಋತುವಿನ ಕೊನೆಯ ಭಾಗದ ಆಟವನ್ನೂ ನೋಡಬೇಕು. ಈ ನಾಲ್ಕು ಪರೀಕ್ಷೆಗಳ ಪೈಕಿ ಮೊದಲನೆಯದರಲ್ಲಿ ಎಲ್‌ಎಸ್‌ಯು ಸ್ವಲ್ಪ ಕಡಿಮೆಯಾಗುತ್ತದೆ. ಉಳಿದ ಮೂರರಲ್ಲಿ ಅದಕ್ಕೆ ಸಾಟಿ ಸಿಗುವುದು ಕಷ್ಟ.