ವಾಸದ ಮನೆ ಪಿ.ಜಿ. ಆಗುವುದು ಯಾವ ಹಂತದಲ್ಲಿ? ಕೊಳ್ಳೇಗಾಲ, ಹನೂರು, ಯಳಂದೂರು ಕುರಿತು ಒಂದು ಟಿಪ್ಪಣಿ

ಮನೆಯನ್ನು ಕೋಣೆಗಳಾಗಿ ಒಡೆದು, ಮಂಚದ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಅನುಮತಿ ಬೇಕೆ? ಇದಕ್ಕೆ ಮೂಲ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಕಟ್ಟಡದ ಬಳಕೆಯಲ್ಲಾಗುವ ಮಹತ್ವದ ಬದಲಾವಣೆಯನ್ನೂ ಅದು ‘ಅಭಿವೃದ್ಧಿ’ ಎಂದೇ ಪರಿಗಣಿಸುತ್ತದೆ. ಮಹಾಯೋಜನೆ ಜಾರಿಯಲ್ಲಿರುವ ಕಡೆ ಅದಕ್ಕೆ ಯೋಜನಾ ಪ್ರಾಧಿಕಾರದ ಅನುಮತಿ ಬೇಕು. ಆದರೆ ಹೊರನೋಟವನ್ನು ಬದಲಿಸದ ಒಳಗಿನ ಮಾರ್ಪಾಡಿಗೆ ವಿನಾಯಿತಿಯಿದೆ. ತೊಡಕು ಇಲ್ಲೇ.

ಕೊಳ್ಳೇಗಾಲದ ನೇಕಾರರ ಬೀದಿಯ ಹಳೆಯ ಮನೆಯನ್ನೇ ತೆಗೆದುಕೊಳ್ಳಿ. ಮಗ್ಗದ ಗುಂಡಿ ಮುಚ್ಚಿ ಸಿಮೆಂಟು ಬಳಿದು, ಪಡಸಾಲೆಗೆ ಪ್ಲೈವುಡ್ ಅಡ್ಡ ನಿಲ್ಲಿಸಿದರೆ ಮೂರು ಕೋಣೆ ಸಿದ್ಧ. ಮಂಚದ ಕೆಳಗೆ ಟ್ರಂಕು, ಕಿಟಕಿಯ ಸರಳಿಗೆ ಒದ್ದೆ ಟವಲು, ಹಿತ್ತಲಲ್ಲಿ ಅದೇ ಹಳೆಯ ಒಂದು ಬಚ್ಚಲು. ಬೀದಿಯಿಂದ ನೋಡಿದವರಿಗೆ ಜಗಲಿ, ಬಾಗಿಲು ಎಲ್ಲವೂ ಮೊದಲಿನಂತೆಯೇ ಕಾಣುತ್ತವೆ. ಒಳಗಿರುವವರ ಸಂಖ್ಯೆ ಮಾತ್ರ ಮೂರು ಪಟ್ಟಾಗಿರುತ್ತದೆ.

ಇಂಗ್ಲೆಂಡಿನಲ್ಲಿ ಈ ಗಡಿಯನ್ನು ಸಂಖ್ಯೆಯಿಂದಲೇ ಗುರುತಿಸಿದ್ದಾರೆ. ಸಂಬಂಧಿಕರಲ್ಲದ ಮೂವರಿಂದ ಆರು ಮಂದಿ ಹಂಚಿಕೊಂಡು ಬಾಳುವ ಮನೆಗೆ 2010ರಲ್ಲಿ ಪ್ರತ್ಯೇಕ ಬಳಕೆ ವರ್ಗವೇ ಬಂತು. ಒತ್ತಡವಿರುವ ಊರಿನಲ್ಲಿ ಇಂಥ ಪರಿವರ್ತನೆಗೆ ಅನುಮತಿ ಕಡ್ಡಾಯ ಮಾಡುವ ಅಧಿಕಾರ ಸ್ಥಳೀಯ ಕೌನ್ಸಿಲಿಗಿದೆ. ನಮ್ಮಲ್ಲಿ ಹಲವು ಮಹಾಯೋಜನೆಗಳ ವಲಯ ನಿಯಮಗಳು ಹಾಸ್ಟೆಲನ್ನೂ ಧರ್ಮಶಾಲೆಯನ್ನೂ ವಾಸದ ವಲಯದೊಳಗೇ ಸೇರಿಸಿವೆ. 2022ರ ಫೆಬ್ರವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕೂಡ, ಜಿ.ಎಸ್.ಟಿ. ಪ್ರಕರಣವೊಂದರಲ್ಲಿ, ವಿದ್ಯಾರ್ಥಿಗಳೂ ಉದ್ಯೋಗಸ್ಥರೂ ತಂಗುವ ಹಾಸ್ಟೆಲನ್ನು ವಾಸದ ಮನೆಯೆಂದೇ ಹೇಳಿತು. ತೆರಿಗೆಯ ತೀರ್ಪು ಯೋಜನಾ ಕಾಯ್ದೆಗೆ ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೂ ಅದರ ತರ್ಕ ಸರಿಯೆಂದೇ ನನ್ನ ಅಭಿಪ್ರಾಯ: ಬಾಡಿಗೆಯನ್ನು ಹಂಚಿಕೊಂಡ ಮಾತ್ರಕ್ಕೆ ವಾಸ ವ್ಯಾಪಾರವಾಗದು.

ಬೆಂಗಳೂರು ಹಿಡಿದದ್ದು ಬೇರೆ ದಾರಿ. ಕೋರಮಂಗಲದ ಪಿ.ಜಿ.ಯೊಂದರಲ್ಲಿ ಯುವತಿಯ ಕೊಲೆಯಾದ ಮೇಲೆ, 2024ರ ಆಗಸ್ಟಿನಲ್ಲಿ ಬಿ.ಬಿ.ಎಂ.ಪಿ. ಪಿ.ಜಿ.ಗಳ ಉದ್ದಿಮೆ ಪರವಾನಗಿಗೆ ಷರತ್ತು ಹಾಕಿತು: ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿ.ಸಿ. ಕ್ಯಾಮೆರಾ. ಆ ಷರತ್ತುಗಳ ವ್ಯಾಪ್ತಿ ಬೆಂಗಳೂರಿಗಷ್ಟೇ. ಕೊಳ್ಳೇಗಾಲದ್ದು ನಗರಸಭೆ, ಹನೂರು ಮತ್ತು ಯಳಂದೂರಿನವು ಪಟ್ಟಣ ಪಂಚಾಯಿತಿ. 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲವನ್ನೂ, ದಿವಾನ್ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರನ್ನೂ ಒಂದೇ ಪುರಸಭಾ ಕಾಯ್ದೆಯಡಿ ತಂದದ್ದು 1964ರ ಶಾಸನ.

ಯಳಂದೂರು ತಾಲೂಕಿನ ಬಿಳಿಗಿರಿರಂಗನ ಬೆಟ್ಟದ ಸುತ್ತ ಪ್ರಶ್ನೆಯ ರೂಪವೇ ಬೇರೆ. 2011ರಿಂದ ಅದು ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿನ ತಕರಾರು ಹೋಂಸ್ಟೇ, ರೆಸಾರ್ಟ್‌ಗಳದ್ದು. ಓದಲು ಪಟ್ಟಣಕ್ಕೆ ಬಂದ ಹುಡುಗನ ಬಾಡಿಗೆ ಕೋಣೆಯೊಡನೆ ಅದನ್ನು ಬೆರೆಸಬಾರದು. ಮಲೆ ಮಹದೇಶ್ವರ ಬೆಟ್ಟದ ಕಾಡಂಚಿನ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಬಂದುಹೋಗಲಾಗದ ಮಕ್ಕಳಿಗೆ ಪೇಟೆಯ ಹಂಚಿಕೆಯ ಕೋಣೆ ಅನಿವಾರ್ಯ.

ಆದ್ದರಿಂದ ಇಂಥ ಮನೆಯನ್ನು ವಾಣಿಜ್ಯವೆಂದು ಹೆಸರಿಸಿ ತಡೆಯುವುದನ್ನು ನಾನು ಒಪ್ಪಲಾರೆ. ಹಾಗೆ ಮಾಡಿದರೆ ಮಾಲೀಕರು ಹೆಚ್ಚಿನ ಕಂದಾಯಕ್ಕೆ ಹೆದರಿ ಬಾಡಿಗೆದಾರರನ್ನು ನೆಂಟರೆನ್ನುತ್ತಾರೆ. ಬೆಂಕಿ ಬಿದ್ದ ದಿನ ಒಳಗೆಷ್ಟು ಜನರಿದ್ದರೆಂಬುದು ಯಾರಿಗೂ ತಿಳಿಯದು. ಖಾತೆಯಲ್ಲಿ ‘ವಾಸ’ ಎಂದೇ ಉಳಿಸಿ, ಇಷ್ಟು ಮಂದಿಯ ಮೇಲಾದರೆ ನೋಂದಣಿ ಕಡ್ಡಾಯವೆಂದು ಸ್ಥಳೀಯ ಸಂಸ್ಥೆ ನಿಗದಿಪಡಿಸಲಿ. ನೋಂದಣಿಗೆ ಬಂದ ಮನೆಯಲ್ಲಿ ತಲೆಗೆ ಸಿಗುವ ಜಾಗ, ಶೌಚಾಲಯಗಳ ಸಂಖ್ಯೆ, ಹೊರಬರಲು ಎರಡನೆಯ ದಾರಿ, ಈ ಮೂರನ್ನು ಅಳೆಯಲಿ.