ಸಂಶೋಧನೆ ಕಲಿಸೋ ವಾತಾವರಣ ಅಂದ್ರೆ ಏನು? ಉತ್ತರ ಕುಣಿಗಲ್ ತಾಲ್ಲೂಕಿನಲ್ಲಿದೆ

ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟನ್ನು ನಮ್ಮ ತಂಡ ಅಂಗಡಿಯಿಂದ ರೆಡಿಮೇಡ್ ತಂದಿತ್ತು. 'ಇದು ಯಾರಿಗೆ ಬೇಕು?' ಅಂತ ವೈವಾದಲ್ಲಿ ಯಾರೂ ಕೇಳಲಿಲ್ಲ. ಮೊನ್ನೆ ಬೆಳ್ಳಾವಿಯಲ್ಲಿ ಸಿಕ್ಕ ಎಂಎಸ್ಸಿ ಹುಡುಗನೊಬ್ಬ, "ಹೊಸದು ಕಂಡುಹಿಡಿಯೋದೆಲ್ಲ ಐಐಎಸ್ಸಿಯವರ ಕೆಲಸ ಅಣ್ಣಾ" ಅಂದ. ಆದರೆ ಐಐಎಸ್ಸಿಯವರೇ ಕಲಿಯೋಕೆ ನಮ್ಮ ಜಿಲ್ಲೆಗೆ ಬಂದಿದ್ದರು.

ಏನಿದು 'ಅಸ್ತ್ರ'?

1974ರಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ವಿಜ್ಞಾನಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ಐಐಎಸ್ಸಿಯಲ್ಲಿ 'ಅಸ್ತ್ರ' ಶುರುವಾಯಿತು. ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಅನ್ವಯಿಸೋದು ಅದರ ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು.

ಅಲ್ಲಿ ಏನು ಕೆಲಸ ಮಾಡಿತು?

ಮೊದಲನೆಯದು, ಪ್ರಶ್ನೆ ಊರಿನಿಂದ ಬಂತು. ಸುತ್ತಲಿನ 6 ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಇಂಧನದ ಲೆಕ್ಕ ತೆಗೆದರು. ಸಿಂಹಪಾಲು ಅಡುಗೆಯ ಸೌದೆಯದ್ದು, ಅದನ್ನು ಹೊರುವ ಕಷ್ಟ ಹೆಚ್ಚಾಗಿ ಹೆಂಗಸರು, ಮಕ್ಕಳದ್ದು. ಹೀಗೆ ಒಲೆಯೂ ಸಂಶೋಧನೆಯ ವಿಷಯವಾಯಿತು. ಕಡಿಮೆ ಸೌದೆ, ಕಡಿಮೆ ಹೊಗೆಯ 'ಅಸ್ತ್ರ ಒಲೆ' ಬಂತು.

ಎರಡನೆಯದು, ವಿಭಾಗಗಳ ಗೋಡೆ ಇರಲಿಲ್ಲ. ರಸಾಯನಶಾಸ್ತ್ರದವರು, ಸಿವಿಲ್, ಮೆಕ್ಯಾನಿಕಲ್‌ನವರು ಜೊತೆಗೆ ಕೂತರು. ಒಲೆ, ಗೋಬರ್ ಗ್ಯಾಸ್, ಮಣ್ಣಿನ ಇಟ್ಟಿಗೆ ಎಲ್ಲವೂ ಒಂದೇ ಸೂರಿನಡಿ ನಡೆದವು.

ಮೂರನೆಯದು, ಸೋಲೋಕೆ ಅವಕಾಶವಿತ್ತು. ಪುರ ಗ್ರಾಮದಲ್ಲಿ ಅಡುಗೆಗೆಂದು ಕಟ್ಟಿದ ಸಮುದಾಯ ಗೋಬರ್ ಗ್ಯಾಸ್ ಯೋಜನೆ ಕೈಕೊಟ್ಟಿತು. ಎಲ್ಲ ಮನೆಗೂ ಗ್ಯಾಸ್ ಸಾಲಲಿಲ್ಲ. ಅವರು ಗಂಟುಮೂಟೆ ಕಟ್ಟಲಿಲ್ಲ. ಊರಿಗೆ ಮೊದಲು ಬೇಕಿದ್ದುದು ಕುಡಿಯುವ ನೀರು ಅಂತ ಗೊತ್ತಾಯಿತು. 1987ರ ಹೊತ್ತಿಗೆ ಅದೇ ಗ್ಯಾಸ್‌ನಿಂದ ಎಂಜಿನ್ ಓಡಿಸಿ, ಬೋರ್‌ವೆಲ್ ನೀರನ್ನು ನಲ್ಲಿಗೆ ತಂದರು, ಮನೆಗಳಿಗೆ ದೀಪ ಕೊಟ್ಟರು.

ಈಗ ನಮಗೇನು?

ಪಿಎಚ್‌ಡಿಗೆ ಪ್ರಬಂಧ ಪ್ರಕಟಿಸಲೇಬೇಕೆಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ಕೈಬಿಟ್ಟಿದೆ. ದುಡ್ಡು ಕೊಟ್ಟು ಪೇಪರ್ ಹಾಕಿಸೋ ಒತ್ತಡ ಇದರಿಂದ ತಗ್ಗಬಹುದು. ಆದರೆ ನಿಯಮ ತೆಗೆದ ಮಾತ್ರಕ್ಕೆ ವಾತಾವರಣ ಹುಟ್ಟಲ್ಲ. ಅದಕ್ಕೆ ಸಮಯಕ್ಕೆ ಬರೋ ಫೆಲೋಶಿಪ್ ಬೇಕು, ಫೀಲ್ಡ್‌ಗೆ ಹೋಗೋಕೆ ಬಸ್ ಚಾರ್ಜ್ ಬೇಕು, 'ಈ ಪ್ರಯೋಗ ಫೇಲಾಯ್ತು ಸಾರ್' ಅಂದಾಗ ಬೈಯದೆ 'ಯಾಕೆ?' ಅಂತ ಕೇಳೋ ಗೈಡ್ ಬೇಕು.

2004ರಿಂದ ತುಮಕೂರಿನಲ್ಲೇ ವಿಶ್ವವಿದ್ಯಾಲಯವಿದೆ. ಬೆಳ್ಳಾವಿ ಸುತ್ತ ತೆಂಗಿನ ತೋಟಗಳಿವೆ, ತೆಂಗಿಗೆ ಕಾಂಡ ಸೋರುವ ರೋಗವಿದೆ, ಆಳಕ್ಕಿಳಿದ ಬೋರ್‌ವೆಲ್‌ಗಳಿವೆ. ಪ್ರಶ್ನೆಗಳಿಗೇನೂ ಬರವಿಲ್ಲ. ಆ ಹುಡುಗನಿಗೆ ನಾನು ಹೇಳಿದ್ದಿಷ್ಟೇ: ಸಿನಾಪ್ಸಿಸ್ ಬರೆಯೋ ಮುಂಚೆ ನಿಮ್ಮಪ್ಪನ ತೋಟಕ್ಕೆ ಒಂದ್ಸಲ ನೋಟ್‌ಬುಕ್ ಹಿಡಿದು ಹೋಗು. ಹಾಗೆ ಹೋಗೋಕೆ ಬೇಕಾದ ದುಡ್ಡು, ಸಮಯವನ್ನು ವಿಶ್ವವಿದ್ಯಾಲಯದಿಂದ ಹಕ್ಕಿನಿಂದ ಕೇಳು.